ಭೀಮೆಯ ದಂಡೆಯ ಜಮಾದಾರ

ಪುಣೆಯಿಂದ ಅಹಿಲ್ಯಾನಗರದ ಕಡೆಗೆ, ಅಂದರೆ ನಮ್ಮ ಬಾಯಲ್ಲಿ ಇನ್ನೂ ಅಹ್ಮದನಗರವೇ ಆಗಿರುವ ಊರಿನ ಕಡೆಗೆ ಹೊರಟರೆ, ಪಟ್ಟಣ ಎಲ್ಲಿ ಮುಗಿಯಿತೆಂದು ಹೇಳುವುದು ಈಗ ಕಷ್ಟ. ಯೆರವಡಾ ಹಿಂದಾಗುತ್ತದೆ, ಖರಾಡಿಯ ಗಾಜಿನ ಕಟ್ಟಡಗಳು ಹಿಂದಾಗುತ್ತವೆ, ವಾಘೋಲಿಯಲ್ಲಿ ಲಾರಿ, ಟೆಂಪೊ, ಕಾಲೇಜು ಬಸ್ಸುಗಳ ನಡುವೆ ಸಿಕ್ಕಿ ಅರ್ಧ ಹೊತ್ತು ಹೋಗುತ್ತದೆ. ಲೋಣಿಕಂದ ದಾಟಿದ ಮೇಲಷ್ಟೇ ಬಯಲು ಕಣ್ಣಿಗೆ ಬೀಳುತ್ತದೆ: ಕಬ್ಬು, ಉಳ್ಳಾಗಡ್ಡಿ, ನಡುನಡುವೆ ಜೋಳ. ಮೂವತ್ತು ಕಿಲೋಮೀಟರಿನ ಹತ್ತಿರ ಭೀಮಾ ನದಿಯ ಸೇತುವೆ ಬರುತ್ತದೆ. ಈಚೆ ದಂಡೆಯ ಊರು ಪೆರಣೆ, ಆಚೆ ದಂಡೆಯದು ಕೋರೆಗಾಂವ ಭೀಮಾ.

ವಿಜಾಪುರ, ಕಲಬುರಗಿ ಕಡೆಯವರಿಗೆ ಈ ಹೊಳೆಯ ಗುರುತು ಹೇಳಬೇಕಿಲ್ಲ. ಭೀಮಾಶಂಕರದಲ್ಲಿ ಹುಟ್ಟಿ, ಪಂಢರಪುರದಲ್ಲಿ ಚಂದ್ರಭಾಗೆ ಎನ್ನಿಸಿಕೊಂಡು, ಗಾಣಗಾಪುರ, ಘತ್ತರಗಿ, ಸನ್ನತಿಗಳನ್ನು ಮುಟ್ಟಿ, 861 ಕಿಲೋಮೀಟರು ಹರಿದು ರಾಯಚೂರು ಸೀಮೆಯಲ್ಲಿ ಕೃಷ್ಣೆಯನ್ನು ಕೂಡುತ್ತದೆ. ನಮ್ಮಲ್ಲಿ ಒಂದು ಹನಿ ಮಳೆ ಬೀಳದಿದ್ದರೂ ಹೊಳೆ ತುಂಬಿ ಬಂತೆಂದರೆ, ಪುಣೆ ಕಡೆ ಮಳೆ ಹಿಡಿದಿದೆ, ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆ ಎಂದು ಹಿರಿಯರು ಕಟ್ಟೆಯ ಮೇಲೆ ಕೂತೇ ಹೇಳುತ್ತಿದ್ದರು. ಆ ನೀರು ಬರುವ ದಾರಿಯಲ್ಲಿ ನಿಂತಾಗ ಹೊಳೆ ನನಗೆ ಕಂಡದ್ದು ಸಣ್ಣದಾಗಿ, ದಂಡೆಯ ಜಾಲಿಗಿಡಗಳ ನಡುವೆ ತನ್ನ ಪಾಡಿಗೆ ತಾನಿದ್ದಂತೆ.

ಇಲ್ಲಿಗೆ ಬರುವವರೆಲ್ಲ ಬರುವುದು ಪೆರಣೆಯ ಹದ್ದಿನಲ್ಲಿ ನಿಂತಿರುವ ಕಲ್ಲಿನ ಕಂಬ ನೋಡಲು. ಜನರ ಬಾಯಲ್ಲಿ ಅದು ಜಯಸ್ತಂಭ. ನಾನೂ ಅದನ್ನು ನೋಡಿದೆ. ಆದರೆ ನನ್ನನ್ನು ಎಳೆದುಕೊಂಡು ಬಂದದ್ದು ಆ ಕಂಬದ ಜೊತೆ ಹೆಸರು ಕಟ್ಟಿಕೊಂಡ ಒಬ್ಬ ಸೈನಿಕ. ಖಂಡೋಜಿ ಬಿನ್ ಗಜೋಜಿ ಮಾಳವದಕರ, ಪದವಿಯಿಂದ ಜಮಾದಾರ. ಈಸ್ಟ್ ಇಂಡಿಯಾ ಕಂಪನಿಗೂ ಪೇಶ್ವೆಗೂ ಇಲ್ಲಿ ನಡೆದ ಯುದ್ಧದಲ್ಲಿ ಕಂಪನಿಯ ಕಡೆ ಕಾದಾಡಿ, ಗಾಯಗೊಂಡು ಬದುಕುಳಿದವನು. 1824ರಲ್ಲಿ ಕಂಪನಿ ಸರಕಾರ ಈ ಕಂಬದ ಉಸ್ತುವಾರಿಯನ್ನು ವಂಶಪಾರಂಪರ್ಯವಾಗಿ ಅವನಿಗೆ ವಹಿಸಿ, ಅದರ ಸಲುವಾಗಿ ಜಮೀನು ಕೊಟ್ಟಿತು. ಸಿಪಾಯಿ ಒಕ್ಕಲಿಗನಾದ. ಜಮಾದಾರ ಎಂಬ ಪದವಿ ಅವನ ಮನೆತನದ ಹೆಸರಿಗೆ ಅಂಟಿಕೊಂಡು ಇಂದಿಗೂ ಉಳಿದಿದೆ.

ಯುದ್ಧದ ಕಥೆಯನ್ನು ಚುಟುಕಾಗಿ ಹೇಳಿಬಿಡಬಹುದು. 1817ರ ಡಿಸೆಂಬರ್ 31ರ ರಾತ್ರಿ ಶಿರೂರಿನ ದಂಡಿನಿಂದ ಕ್ಯಾಪ್ಟನ್ ಸ್ಟಾಂಟನ್ ಎಂಬವನು ಸುಮಾರು 800 ಜನರನ್ನು ಕಟ್ಟಿಕೊಂಡು ಪುಣೆಯಲ್ಲಿದ್ದ ಕಂಪನಿ ಸೈನ್ಯದ ನೆರವಿಗೆ ಹೊರಟ. ಅದರಲ್ಲಿ ಸುಮಾರು 500 ಜನ ಮುಂಬಯಿ ಸೈನ್ಯದ ಕಾಲಾಳುಗಳು, ಮಿಕ್ಕವರಲ್ಲಿ ಹೆಚ್ಚಿನವರು ಕುದುರೆ ಸವಾರರು, ಎರಡು ತೋಪು, ಅವಕ್ಕೆ ಮದ್ರಾಸಿನ ಗೋಲಂದಾಜರು. ರಾತ್ರಿಯಿಡೀ ನಡೆದು ಬೆಳಗ್ಗೆ ಭೀಮೆಯ ದಂಡೆಗೆ ಬಂದರೆ ಎದುರಿಗೆ ಪೇಶ್ವೆ ಎರಡನೆಯ ಬಾಜೀರಾಯನ ದಂಡು, ಇಪ್ಪತ್ತು ಸಾವಿರಕ್ಕೆ ಮೀರಿದ್ದು. ಸ್ಟಾಂಟನ್ ಕೋರೆಗಾಂವದ ಮಣ್ಣಿನ ಗೋಡೆಗಳ ಮರೆ ಹಿಡಿದ. ಪೇಶ್ವೆಯ ಕಡೆಯಿಂದ ಅರಬರು, ಗೋಸಾವಿಗಳು, ಮರಾಠರು ಊರೊಳಗೆ ನುಗ್ಗಿದರು. ದಿನವಿಡೀ ಓಣಿ ಓಣಿಯಲ್ಲಿ ಕಾಳಗ. ಹೊಳೆ ಕಣ್ಣೆದುರಿಗೆ ಇದ್ದರೂ ಕತ್ತಲಾಗುವವರೆಗೆ ಸಿಪಾಯಿಗಳಿಗೆ ಕುಡಿಯಲು ನೀರು ಸಿಗಲಿಲ್ಲ. ಸ್ಟಾಂಟನ್ನನ 834 ಜನರಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 275. ರಾತ್ರಿ ಪೇಶ್ವೆಯ ದಂಡು ಹಿಂಜರಿಯಿತು. ಕಂಪನಿಯ ಜನರಲ್ ಸ್ಮಿತ್ ಬರುತ್ತಿದ್ದಾನೆಂಬ ಸುದ್ದಿ ಅದಕ್ಕೆ ಮುಟ್ಟಿತ್ತು. ಸ್ಟಾಂಟನ್ನನೂ ಪುಣೆಗೆ ಹೋಗಲಾರದೆ ಶಿರೂರಿಗೇ ಮರಳಿದ. ಆ ದಿನವೇ ಗೆದ್ದವರು ಯಾರು ಎಂದು ಕೇಳಿದ್ದರೆ ಇಬ್ಬರೂ ಸ್ವಲ್ಪ ತಡವರಿಸುತ್ತಿದ್ದರು. ಆದರೆ ಐದು ತಿಂಗಳಲ್ಲಿ ಪೇಶ್ವೆಯ ರಾಜ್ಯ ಮುಗಿಯಿತು. ಅಷ್ಟರಲ್ಲಿ ಕಂಪನಿಯ ಮನ್ರೋ ನಮ್ಮ ಬಾದಾಮಿ, ಬೆಳಗಾವಿ ಕೋಟೆಗಳನ್ನೂ ಹಿಡಿದಿದ್ದ. 1821ರ ಮಾರ್ಚ್ 26ರಂದು ಕಂಪನಿ ಈ ಕಂಬದ ಅಡಿಗಲ್ಲು ಇಟ್ಟಿತು.

ಕಂಬ ಕರಿಗಲ್ಲಿನದು. ಚೌಕಾಕಾರದ ಕಟ್ಟೆಯ ಮೇಲೆ ಎದ್ದು, ಮೇಲೆ ಹೋದಂತೆ ಸಪೂರವಾಗುತ್ತ ಮೊನೆಯಾಗುತ್ತದೆ. ಬುಡದಲ್ಲಿ ಇಂಗ್ಲಿಷ್ ಮತ್ತು ಮರಾಠಿ ಬರಹ. ಬರೆಸಿದ ಕಂಪನಿಗೆ ಅನುಮಾನವೇ ಇರಲಿಲ್ಲ. ಪೂರ್ವದೇಶದಲ್ಲಿ ತನ್ನ ಸೈನ್ಯ ಪಡೆದ ಹೆಮ್ಮೆಯ ಗೆಲುವುಗಳಲ್ಲಿ ಇದೂ ಒಂದು ಎಂದು ಕೆತ್ತಿಸಿದೆ. ಆ ಹೊಗಳಿಕೆಯನ್ನು ಓದಿ ಬಿಟ್ಟುಬಿಡಬಹುದು. ಓದಬೇಕಾದದ್ದು ಸಿಪಾಯಿಗಳ ಹೆಸರುಗಳ ಪಟ್ಟಿ. ಅದರಲ್ಲಿ 22 ಹೆಸರುಗಳು ‘ನಾಕ’ ಎಂದು ಮುಗಿಯುತ್ತವೆ. ಅವರು ಮಹಾರರು. ಉಳಿದವರಲ್ಲಿ ಮರಾಠರಿದ್ದಾರೆ, ರಜಪೂತರಿದ್ದಾರೆ, ಮುಸಲ್ಮಾನರಿದ್ದಾರೆ, ಯೆಹೂದಿಗಳೂ ಇದ್ದಾರೆ. ಮಹಾರರನ್ನು ಊರಿನ ಬಾವಿಯ ಹತ್ತಿರ ಸೇರಿಸದ ಕಾಲದಲ್ಲಿ ಈ ಎಲ್ಲರ ಹೆಸರುಗಳು ಒಂದೇ ಕಲ್ಲಿನಲ್ಲಿ, ಒಂದೇ ಅಳತೆಯ ಅಕ್ಷರದಲ್ಲಿ ಕೂತುಬಿಟ್ಟವು. ಕೆತ್ತಿದವನಿಗೆ ಅದರ ಭಾರ ತಿಳಿದಿರಲಿಕ್ಕಿಲ್ಲ.

ಯುದ್ಧ ಮುಗಿದ ಮೇಲೆ ಸೈನಿಕನನ್ನು ಏನು ಮಾಡುವುದು? 1818ರಲ್ಲಿ ಪುಣೆ ಸೀಮೆಗೆ ಇದು ದೊಡ್ಡ ಪ್ರಶ್ನೆಯಾಗಿತ್ತು. ಸೋತ ಕಡೆಯ ಸಾವಿರಾರು ಸವಾರರಿಗೆ ಕೆಲಸ ಇಲ್ಲ. ಕೋಟೆ ಕಾಯುತ್ತಿದ್ದ ರಾಮೋಶಿಗಳಿಗೆ ಕೋಟೆಯೂ ಇಲ್ಲ, ಅದರ ಮೇಲೆ ನಿಂತಿದ್ದ ಹಕ್ಕುಗಳೂ ಇಲ್ಲ. ಪುರಂದರದ ಕಾವಲಿನ ಮನೆತನದಲ್ಲಿ ಹುಟ್ಟಿದ ಉಮಾಜಿ ನಾಯಕ ಬಂಡೆದ್ದದ್ದು ಆ ಸಂಕಟದೊಳಗಿಂದಲೇ. 1832ರಲ್ಲಿ ಅವನನ್ನು ಪುಣೆಯಲ್ಲಿ ಗಲ್ಲಿಗೇರಿಸಿದರು. ಮಣ್ಣು ಕಳೆದುಕೊಂಡ ಕಾವಲುಗಾರ ಬಂಡುಕೋರನಾದ ಕಾಲದಲ್ಲೇ, ಅದೇ ಜಿಲ್ಲೆಯಲ್ಲಿ, ಮಣ್ಣು ಸಿಕ್ಕ ಸಿಪಾಯಿ ಕಾವಲುಗಾರನಾದ. ಆಳುವವರ ಲೆಕ್ಕ ಸರಳವಾಗಿತ್ತು. ನೆಲ ಕೊಟ್ಟರೆ ಮನುಷ್ಯ ಒಂದು ಕಡೆ ನಿಲ್ಲುತ್ತಾನೆ, ಅವನ ಮಕ್ಕಳೂ ನಿಲ್ಲುತ್ತಾರೆ.

ಈ ಲೆಕ್ಕ ಕಂಪನಿಗೆ ಹೊಳೆದ ಹೊಸದೇನಲ್ಲ. ನಮ್ಮ ಊರೂರಿನ ವೀರಗಲ್ಲುಗಳನ್ನು ಕೇಳಿದರೆ ಸಾಕು. ತುರುಗೊಳ್ಳುವಲ್ಲಿ, ಊರಳಿವಿನಲ್ಲಿ ಸತ್ತವನ ಮನೆಗೆ ನೆತ್ತರುಗೊಡಗೆ ಎಂದು ಹೊಲ ಬಿಡುತ್ತಿದ್ದರು. ಗೆದ್ದು ಬಂದವನಿಗೆ ಬಾಳ್ಗಚ್ಚು ಎಂದು ಊರನ್ನೇ ಕೊಡುತ್ತಿದ್ದರು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಇದಕ್ಕೆ ದೊಡ್ಡ ಸಾಕ್ಷಿ. 949ರ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೆರನಿಗೆ ಆತಕೂರು ಬಾಳ್ಗಚ್ಚಾಗಿ ಬಂತು. ಅವನು ಒಡೆಯ ಬೂತುಗನಿಂದ ಬೇಡಿ ಪಡೆದ ಕಾಳಿ ಎಂಬ ಬೇಟೆನಾಯಿ ಹಂದಿಯೊಡನೆ ಹೋರಾಡಿ ಸತ್ತಾಗ ಅದಕ್ಕೂ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟ. ಶಾಸನದ ಕೊನೆಯ ಮಾತು ನನಗೆ ಪೆರಣೆಯ ಹೊಲದ ಬದುವಿನಲ್ಲಿ ನೆನಪಾಯಿತು. ಅಲ್ಲಿನ ಗೊರವ ಆ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುತ್ತದಂತೆ. ಅಂದರೆ ಕರಾರು ಇಷ್ಟು: ಈ ಮಣ್ಣಿನ ಅನ್ನ ಉಣ್ಣುವವನು ಮೊದಲು ಆ ಕಲ್ಲನ್ನು ನೋಡಿಕೊಳ್ಳಬೇಕು. ಖಂಡೋಜಿಗೆ ಬಂದ ಸನದಿನಲ್ಲಿ ಪಾಪಪುಣ್ಯದ ಜಾಗದಲ್ಲಿ ಸರಕಾರದ ಮೊಹರು ಇತ್ತು, ಕರಾರು ಮಾತ್ರ ಅದೇ.

ಹೆದ್ದಾರಿಯ ಬದಿಯಲ್ಲಿ ಒಂದು ರಸವಂತಿ. ಪುಣೆ ಕಡೆ ಕಬ್ಬಿನ ಹಾಲಿನ ಅಂಗಡಿಗೆ ಇದೇ ಹೆಸರು. ಗಾಣಕ್ಕೆ ಈಗ ಮೋಟಾರು ಇದೆ, ಎತ್ತಿಲ್ಲ. ಆದರೂ ತಿರುಗುವ ಚಕ್ರಕ್ಕೆ ಗೆಜ್ಜೆ ಕಟ್ಟಿದ್ದಾರೆ, ಸದ್ದು ಕೇಳಿ ಗಿರಾಕಿ ನಿಲ್ಲಬೇಕು. ಅಂಗಡಿಯ ಮುದುಕ ಕಬ್ಬಿನ ಜಲ್ಲೆಯನ್ನು ಎರಡಾಗಿ ಮಡಚಿ, ನಡುವೆ ಒಂದು ಚೂರು ಶುಂಠಿ, ಅರ್ಧ ಲಿಂಬೆ ಇಟ್ಟು ಗಾಣಕ್ಕೆ ಕೊಡುತ್ತಿದ್ದ. ಸಿಪ್ಪೆ ಈಚೆ ಬಂದಾಗ ಮತ್ತೆ ಮಡಚಿ ಕೊಡುವುದು, ಅದು ಒಣಗಿದ ನಾರಿನಂತಾಗುವವರೆಗೆ. ನನ್ನ ಮರಾಠಿ ಕೇಳಿಯೇ ಅವನಿಗೆ ನಾನು ಈ ಸೀಮೆಯವನಲ್ಲ ಎಂದು ಗೊತ್ತಾಯಿತು.

‘ಯಾವೂರು ಪಾವಣೇರ?’

‘ವಿಜಾಪುರದ ಕಡೆ ರೀ ಕಾಕಾ. ಭೀಮೆಯ ದಂಡೆಯೇ.’

‘ಹಾಗಾದರೆ ನಾವು ಬಿಟ್ಟ ನೀರು ಕುಡಿಯೋರು ನೀವು’ ಎಂದು ನಕ್ಕ. ‘ಬಿಡೋದು ಜಾಸ್ತಿಯಾದರೂ ಬಯ್ಯೋರು, ಕಡಿಮೆಯಾದರೂ ಬಯ್ಯೋರು.’

ಜಮಾದಾರರಿಗೆ ಕೊಟ್ಟ ಹೊಲ ಯಾವ ಕಡೆ ಎಂದು ಕೇಳಿದೆ. ಅವನು ಕೈಯಲ್ಲಿದ್ದ ಸಿಪ್ಪೆಯನ್ನು ಬುಟ್ಟಿಗೆ ಎಸೆದ.

‘ಕಂಬದ ಮೇಲಾದರೆ ಹೆಸರು ಬರೆದಿರ್ತದೆ. ಹೊಲದ ಮೇಲೆ ಬರೆದಿರ್ತದಾ? ಅದಕ್ಕೆ ಸಾತ್‌ಬಾರಾ ತೆಗೆಸಬೇಕು.’

ನಮ್ಮಲ್ಲಿ ಪಹಣಿ, ಅವರಲ್ಲಿ ಸಾತ್‌ಬಾರಾ. ಮುದುಕ ಅಷ್ಟು ಹೇಳಿ ಮುಂದಿನ ಗಿರಾಕಿಯ ಕಡೆ ತಿರುಗಿದ. ನಾನು ಲೋಟ ಹಿಡಿದು ಹೊಲಗಳ ಕಡೆ ನೋಡುತ್ತ ನಿಂತೆ. ಉಳ್ಳಾಗಡ್ಡಿಯ ಸಾಲಿನಲ್ಲಿ ನಾಲ್ಕೈದು ಹೆಣ್ಣುಮಕ್ಕಳು ಬಗ್ಗಿ ಕಳೆ ಕೀಳುತ್ತಿದ್ದರು. ಅವರ ಹಿಂದೆ, ಕಬ್ಬಿನ ಸೂಲಂಗಿಗಳ ಮೇಲಿಂದ, ಕಂಬದ ಮೊನೆ.

ಖಂಡೋಜಿ ಉಳಲು ನಿಂತ ಕಾಲ ಒಕ್ಕಲುತನಕ್ಕೆ ಒಳ್ಳೆಯ ಕಾಲವಾಗಿರಲಿಲ್ಲ. 1820ರ ದಶಕದಲ್ಲಿ ಕಾಳಿನ ಬೆಲೆ ಬಿದ್ದುಹೋಯಿತು. ಪ್ರಿಂಗಲ್ ಎಂಬ ಅಧಿಕಾರಿ ಪುಣೆ ಜಿಲ್ಲೆಯ ಹೊಲಗಳನ್ನು ಅಳೆಸಿ, ಲಂಡನ್ನಿನ ಅರ್ಥಶಾಸ್ತ್ರದ ಪುಸ್ತಕ ನೋಡಿ ಕಂದಾಯ ಕಟ್ಟಿದ. ಕಟ್ಟಲಾರದೆ ರೈತರು ಹೊಲ ಬಿಟ್ಟು ಓಡಿದರು. 1836ರಿಂದ ಇಂದಾಪುರದಲ್ಲಿ ವಿಂಗೇಟ್, ಗೋಲ್ಡ್‌ಸ್ಮಿಡ್ ಸೇರಿ ಮೂವತ್ತು ವರ್ಷದ ಹೊಸ ಕಟ್ಟಳೆ ಮಾಡಿದ ಮೇಲೆ ಸ್ವಲ್ಪ ಉಸಿರು ಬಂತು. ನಮ್ಮ ಧಾರವಾಡ, ಬೆಳಗಾವಿ ಜಿಲ್ಲೆಗಳ ಮೋಜಣಿಗೂ ಅಲ್ಲೇ ಕಲಿತ ಪಾಠವೇ ಮಾದರಿ. ಇನಾಮು ಪಡೆದವನಿಗೆ ರೈತವಾರಿ ಒಕ್ಕಲಿಗನಷ್ಟು ಕಂದಾಯದ ಕಾಟ ಇಲ್ಲ ನಿಜ. ಆದರೆ ಅವನಿಗೆ ಬೇರೆ ಭಯ. 1852ರ ಕಾಯಿದೆಯಿಂದ ಬಲ ಪಡೆದ ಇನಾಮ್ ಕಮಿಷನ್ ಮನೆಮನೆಯ ಸನದುಗಳನ್ನು ಹೊರಗೆ ತೆಗೆಸಿ, ಒರೆಗೆ ಹಚ್ಚಿ, ಪುರಾವೆ ಸಾಲದ ಹೊಲಗಳನ್ನು ಕಿತ್ತುಕೊಂಡಿತು. ಆ ಕಾಲದ ಇನಾಮುದಾರರ ಮನೆಯಲ್ಲಿ ಬಿತ್ತುವ ಬೀಜಕ್ಕಿಂತ ಜೋಪಾನವಾಗಿ ಇಡಬೇಕಾದದ್ದು ಹಳೆಯ ಕಾಗದ. ಅಮೆರಿಕದ ಅಂತರ್ಯುದ್ಧದಿಂದ 1860ರ ದಶಕದಲ್ಲಿ ಹತ್ತಿಗೆ ಬೆಲೆ ಬಂತು, ಯುದ್ಧ ಮುಗಿದೊಡನೆ ಇಳಿಯಿತು. ಮಾಡಿದ ಸಾಲ ಮಾತ್ರ ಇಳಿಯಲಿಲ್ಲ. 1875ರ ಮೇ 12ರಂದು ಸುಪೆಯ ಸಂತೆಯಲ್ಲಿ ರೈತರು ಸಾಹುಕಾರರ ಅಂಗಡಿಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು. ಬೆಂಕಿ ಶಿರೂರು, ಇಂದಾಪುರ, ಹವೇಲಿ ತಾಲೂಕುಗಳಿಗೂ ಹಬ್ಬಿತು. ಮರುವರ್ಷವೇ ದೊಡ್ಡ ಬರ. ಒಂದು ಮನೆತನ ಇದೇ ದಂಡೆಯಲ್ಲಿ ಮೂರು ತಲೆಮಾರು ಕಳೆದಿದ್ದರೆ ಇದಿಷ್ಟೂ ಅದರ ಅಂಗಳದ ಮುಂದೆ ನಡೆದುಹೋಗಿರುತ್ತದೆ. ಕಂಬದ ಮೇಲೆ ಬರೆದಿರುವುದು ಹನ್ನೆರಡು ತಾಸಿನ ಯುದ್ಧ. ಹೊಲದ್ದು ಇಷ್ಟು ಉದ್ದದ್ದು, ಅದನ್ನು ಯಾರೂ ಕೆತ್ತಿಸಿಲ್ಲ.

ಸೈನಿಕನಿಗೂ ಸುಗ್ಗಿಗೂ ಇರುವ ನಂಟು ನೋಡಬೇಕೆಂದರೆ ಇದೇ ಹೆದ್ದಾರಿಯಲ್ಲಿ ಇನ್ನಷ್ಟು ದೂರ, ಶಿರೂರಿನವರೆಗೆ ಹೋಗಬೇಕು. ಘೋಡ ನದಿಯ ದಂಡೆಯ ಈ ಊರು ಕಂಪನಿಯ ದೊಡ್ಡ ದಂಡಿನ ಠಾಣೆಯಾಗಿತ್ತು. ಇಲ್ಲಿ ಕರ್ನಲ್ ವಾಲೇಸ್ ಎಂಬವನ ಗೋರಿ ಇದೆ, 1809ರಲ್ಲಿ ಸತ್ತವನು. ಜನರು ಅವನನ್ನು ಸತ್ಪುರುಷ ಎಂದು ಕರೆದು, ಹೊಸ ಬೆಳೆ ಬಂದಾಗ ಮೊದಲ ಕಾಳನ್ನು ಅವನಿಗೆ ಎಡೆ ಇಡುತ್ತಿದ್ದರೆಂದು ಹತ್ತೊಂಬತ್ತನೆಯ ಶತಮಾನದ ಪುಣೆ ಗೆಜೆಟಿಯರ್ ದಾಖಲಿಸಿದೆ. ಯುದ್ಧಕ್ಕೆಂದು ಏಳು ಸಮುದ್ರ ದಾಟಿ ಬಂದವನನ್ನು ಹಳ್ಳಿಗರು ಹೊಲ ಕಾಯುವ ಕೆಲಸಕ್ಕೆ ಹಚ್ಚಿಬಿಟ್ಟರು. ಸನದು ಬೇಕಾಗಲಿಲ್ಲ, ಸರಕಾರದ ಅಪ್ಪಣೆಯೂ ಬೇಕಾಗಲಿಲ್ಲ. ಒಕ್ಕಲಿಗನ ಲೋಕದಲ್ಲಿ ಯಾರಿಗೆ ಎಷ್ಟು ದಿನ ಜಾಗ ಎಂಬುದನ್ನು ಒಕ್ಕಲಿಗನೇ ತೀರ್ಮಾನಿಸುತ್ತಾನೆ.

ಮತ್ತೆ ಆ 22 ಹೆಸರುಗಳಿಗೆ ಬರುತ್ತೇನೆ. ನೆತ್ತರುಗೊಡಗೆಯ ಕಾಲದಲ್ಲಿ ಕಲ್ಲೂ ಹೊಲವೂ ಒಂದೇ ಮನೆಯವು. ಯಾರ ಹೆಸರು ಕಲ್ಲಿನಲ್ಲಿದೆಯೋ ಅವರ ಮಕ್ಕಳೇ ಪಕ್ಕದ ಹೊಲ ಉಳುತ್ತಿದ್ದರು. ಕೋರೆಗಾಂವದಲ್ಲಿ ಅದು ಎರಡಾಯಿತು. ಹೊಲ ಒಬ್ಬ ಮರಾಠ ಜಮಾದಾರನ ಮನೆಗೆ ಬಂತು. ಮುಂಬಯಿ ಸೈನ್ಯದ ಮಹಾರ ಸಿಪಾಯಿಗಳಲ್ಲಿ ಬಹಳ ಜನ ಕೊಂಕಣದವರು. ಅವರ ಪಾಲಿಗೆ ಕಲ್ಲಿನಲ್ಲಿ ಹೆಸರು ನಿಂತಿತು, ಮಕ್ಕಳಿಗೆ ಮುಂದೆಯೂ ಸೈನ್ಯದ ನೌಕರಿಯ ಬಾಗಿಲು ತೆರೆದಿತ್ತು. 1890ರ ದಶಕದ ಆರಂಭದಲ್ಲಿ ಆ ಬಾಗಿಲೂ ಮುಚ್ಚಿತು. ಮಹಾರರನ್ನು ಸೈನ್ಯಕ್ಕೆ ಸೇರಿಸಿಕೊಳ್ಳುವುದನ್ನೇ ಸರಕಾರ ನಿಲ್ಲಿಸಿತು.

ಆ ಕಾಲಕ್ಕೆ ನಿವೃತ್ತಿಯಾದ ಒಬ್ಬ ಸುಬೇದಾರ ರಾಮಜಿ ಸಕಪಾಳ. ರತ್ನಾಗಿರಿ ಜಿಲ್ಲೆಯ ಅಂಬಾಡವೆಯ ಮನೆತನ, ತಂದೆ ಮಾಲೋಜಿಯೂ ಸಿಪಾಯಿ. ರಾಮಜಿ ಸೈನ್ಯದ ಶಾಲೆಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದವರು. ಪಿಂಚಣಿ ಪಡೆದು ದಾಪೋಲಿಗೆ ಬಂದರು, ಅಲ್ಲಿಂದ ಸಾತಾರಾಕ್ಕೆ. 1901ರ ಸುಮಾರಿಗೆ ಖಟಾವ ತಾಲೂಕಿನಲ್ಲಿ ಬರಗಾಲದ ಕೆರೆ ಕಾಮಗಾರಿಯ ಖಜಾಂಚಿ. ಮಣ್ಣು ಅಗೆಯುವವರಿಗೆ ಕೂಲಿ ಎಣಿಸಿ ಕೊಡುವ ಕೆಲಸ. ಅವರನ್ನು ಕಾಣಲೆಂದು ಹೊರಟ ಮಕ್ಕಳು ಮಸೂರು ಸ್ಟೇಷನ್ನಿನಲ್ಲಿ ಇಳಿದಾಗ, ಜಾತಿ ತಿಳಿದ ಮೇಲೆ ಗಾಡಿ ಹೊಡೆಯಲು ಯಾರೂ ಒಪ್ಪಲಿಲ್ಲ. ಇಮ್ಮಡಿ ಬಾಡಿಗೆ ಕೊಟ್ಟು, ಗಾಡಿಯವನು ಪಕ್ಕದಲ್ಲಿ ನಡೆದು, ಮಕ್ಕಳೇ ಎತ್ತು ಹೊಡೆದುಕೊಂಡು ಹೋದರು. ದಾರಿಯಲ್ಲಿ ಕುಡಿಯಲು ನೀರು ಸಿಗಲಿಲ್ಲ. ಆ ಮಕ್ಕಳಲ್ಲಿ ಒಬ್ಬ ಭೀಮರಾವ್. 1818ರ ಸಿಪಾಯಿಗಳಿಗೆ ಹೊಳೆಯ ದಂಡೆಯಲ್ಲಿ ಸಿಗದ ನೀರಿಗೆ ಎದುರಿನ ಬಂದೂಕು ಕಾರಣವಾಗಿತ್ತು. ಸುಬೇದಾರನ ಮಗನಿಗೆ ಅದೂ ಅಡ್ಡ ಇರಲಿಲ್ಲ.

ರಾಮಜಿಗೆ ಉಳಲು ಹೊಲ ಇರಲಿಲ್ಲ. ಮಕ್ಕಳಿಗೆ ಕೊಡಲು ಇದ್ದದ್ದು ಓದು. 1927ರ ಜನವರಿ 1ರಂದು ಆ ಭೀಮರಾವ್, ಅಂದರೆ ಡಾ. ಬಿ.ಆರ್. ಅಂಬೇಡ್ಕರ್, ಈ ಕಂಬದ ಬಳಿಗೆ ಬಂದರು. ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿದ್ದು ಅದಾದ ಮೂರು ತಿಂಗಳೊಳಗೆ, ಮಾರ್ಚ್ 20ರಂದು. ಅಲ್ಲಿಂದ ಮುಂದೆ ಕಂಪನಿಯ ಕಂಬ ಕಂಪನಿಯದಾಗಿ ಉಳಿಯಲಿಲ್ಲ. ಬರೆದ ಹೊಗಳಿಕೆ ಹಿಂದೆ ಸರಿದು, ಪಟ್ಟಿಯ ಹೆಸರುಗಳು ಮುಂದೆ ಬಂದವು. 1941ರಲ್ಲಿ ನಮ್ಮ ಬೆಳಗಾವಿಯಲ್ಲಿ ಮಹಾರ್ ರೆಜಿಮೆಂಟ್ ಕಟ್ಟಿದಾಗ ಸಿಪಾಯಿಗಳ ಟೋಪಿಯ ಬಿಲ್ಲೆಯ ಮೇಲೆ ಕೂತದ್ದು ಇದೇ ಕಂಬ.

ಹೀಗೆ ಒಂದು ಯುದ್ಧಕ್ಕೆ ಎರಡು ಸಂಬಳ. ಒಂದು ಮಣ್ಣು, ಇನ್ನೊಂದು ಹೆಸರು. ಮಣ್ಣು ಮಕ್ಕಳು ಹುಟ್ಟಿದಂತೆ ಪಾಲಾಗುತ್ತದೆ. ಏಳೆಂಟು ತಲೆಮಾರಿನ ಮೇಲೆ ಎಷ್ಟು ದೊಡ್ಡ ಇನಾಮೂ ಗುಂಟೆಗಳ ಲೆಕ್ಕಕ್ಕೆ ಇಳಿಯುತ್ತದೆ. ಹೆಸರಿಗೆ ವಾರಸಾ ಹಾಕುವ ಕಚೇರಿ ಇಲ್ಲ. ಯಾವ ನಾಕನ ಮರಿಮಗ ಎಂದು ಯಾರೂ ಕೇಳುವುದಿಲ್ಲ, ಅದಕ್ಕೇ ಜನವರಿ 1ಕ್ಕೆ ಇಲ್ಲಿ ಲಕ್ಷಗಟ್ಟಲೆ ಜನ ವಾರಸುದಾರರಾಗಿ ಬರುತ್ತಾರೆ. ಹಾಗೆಂದು ಹೆಸರಿನ ಆಸ್ತಿ ತಂಟೆಯಿಲ್ಲದ್ದೆಂದು ಹೇಳುವಂತಿಲ್ಲ. 2018ರಲ್ಲಿ, ಕಾಳಗಕ್ಕೆ ಇನ್ನೂರು ತುಂಬಿದ ದಿನ, ಇದೇ ಹೆದ್ದಾರಿಯಲ್ಲಿ ಕಲ್ಲು ತೂರಾಟ, ಬೆಂಕಿ, ಒಬ್ಬ ಯುವಕನ ಸಾವು. ಆಮೇಲೆ ವಿಚಾರಣಾ ಆಯೋಗ. ಕಂಬದ ಸುತ್ತಲ ಜಾಗ ಯಾರದು ಎಂಬ ವ್ಯಾಜ್ಯವೂ ನ್ಯಾಯಾಲಯದ ಮೆಟ್ಟಿಲು ಹತ್ತಿದೆ. ಜಮಾದಾರನ ಮನೆತನ ಹಳೆಯ ಸನದು ತೋರಿಸುತ್ತದೆ, ಸರಕಾರ ತನ್ನ ದಫ್ತರ ತೋರಿಸುತ್ತದೆ. ಕಾವಲಿಗೆ ಈಗ ಪೊಲೀಸರಿದ್ದಾರೆ.

ಎರಡೂ ಹಕ್ಕುಗಳು ನಿಜವಾದವೇ ಎಂದು ನನಗೆ ಅಲ್ಲಿ ಅನ್ನಿಸಿತು. ಕಲ್ಲನ್ನು ಇಷ್ಟು ಕಾಲ ಗುಡಿಸಿ, ಸುತ್ತ ಉತ್ತು, ಅದರ ಬದುವಿನಲ್ಲಿ ಬದುಕಿದವರ ಹಕ್ಕು ಒಂದು. ಅದರಲ್ಲಿ ತಮ್ಮವರ ಹೆಸರು ಓದಿ ತಲೆಯೆತ್ತಿ ನಡೆಯಲು ಕಲಿತವರ ಹಕ್ಕು ಇನ್ನೊಂದು. ಮೊದಲಿನದನ್ನು ಸಾತ್‌ಬಾರಾ ಉತಾರಿನಲ್ಲಿ ಬರೆಯಬಹುದು, ಎರಡನೆಯದಕ್ಕೆ ಅದರಲ್ಲಿ ಕಾಲಮ್ಮಿಲ್ಲ. 1824ರಲ್ಲಿ ಸನದು ಬರೆದ ಗುಮಾಸ್ತ ಕಲ್ಲಿಗೆ ಕಾವಲು ಬೇಕೆಂದು ಯೋಚಿಸಿದ. ಕಲ್ಲನ್ನು ಓದಲು ಜನ ಬರಬಹುದೆಂದು ಯೋಚಿಸಲಿಲ್ಲ, ಏಕೆಂದರೆ ಕೆತ್ತಿದ ಹೆಸರುಗಳ ಮನೆಯಲ್ಲಿ ಓದು ಬಲ್ಲವರು ಹುಟ್ಟುತ್ತಾರೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಪುಣೆಗೆ ಹೋಗುವ ನಮ್ಮವರು ಶನಿವಾರವಾಡೆ ನೋಡುತ್ತಾರೆ, ದಗಡೂಶೇಠ್ ಗಣಪತಿಗೆ ಕೈ ಮುಗಿಯುತ್ತಾರೆ, ಸಿಂಹಗಡ ಹತ್ತಿ ಪಿಠಲಾ ಭಾಕರಿ ತಿಂದು ಇಳಿಯುತ್ತಾರೆ. ಅರ್ಧ ದಿನ ಬಿಡುವಿದ್ದರೆ ನಗರ ರಸ್ತೆಗೂ ಬರಬೇಕು. ಜನವರಿ 1 ಬಿಟ್ಟು ಬೇರೆ ದಿನ ಬಂದರೆ ಹೊಲವನ್ನೂ ಸಮಾಧಾನದಿಂದ ನೋಡಲು ಸಿಗುತ್ತದೆ. ಕಂಬದ ಮುಂದೆ ನಿಂತು ಹೆಸರುಗಳನ್ನು ಒಂದೊಂದಾಗಿ ಓದಿ, ಆಮೇಲೆ ಪೆರಣೆಯ ಕಬ್ಬಿನ ಸಾಲುಗಳ ನಡುವೆ ಒಂದು ಸುತ್ತು ಹಾಕಿ. ಇವೆರಡರಲ್ಲಿ ಒಂದನ್ನೇ ನೋಡಿ ಹೋದವರ ಬಾಯಿಂದ ಈ ಊರಿನ ಬಗ್ಗೆ ಅರ್ಧ ಕಥೆ ಹೊರಟು ಈಗಾಗಲೇ ಸಾಕಷ್ಟು ದೂರ ಹೋಗಿದೆ.